ಕೊನೆಯ ಬೆಂಚಿಗೆ ಬಾರದ ಮೇಡಂ

ನ್ಯಾಮತಿಯಿಂದ ನಾನು, ಜಗಳೂರಿನಿಂದ ಆಕೆ. ಚನ್ನಗಿರಿ ತಾಲ್ಲೂಕಿನ ಒಂದೇ ಸರ್ಕಾರಿ ಶಾಲೆಗೆ ಒಂದೇ ದಿನ ಹಾಜರಾದೆವು. ಇಬ್ಬರದೂ ಮೊದಲ ನೌಕರಿ. ಮುಖ್ಯ ಶಿಕ್ಷಕರು ನಮ್ಮನ್ನು ಹಿರಿಯ ಗಣಿತದ ಮೇಡಂ ಮುಂದೆ ನಿಲ್ಲಿಸಿ, "ರಿಪೋರ್ಟು ಬರೆಯೋದು ನನ್ನ ಕೆಲಸ. ಇವ್ರನ್ನ ಮೇಷ್ಟ್ರು ಮಾಡೋದು ನಿಮ್ದು" ಎಂದು ಬಿಸಿಯೂಟದ ಅಕ್ಕಿ ನೋಡಲು ಹೊರಟರು.

ಮೇಡಂ ಹೊಸಬರ ತರಗತಿಗೆ ಬಂದರೆ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಒತ್ತಿಕೊಂಡು ಕೂರುತ್ತಿದ್ದರು. ತುಟಿ ಬಿಚ್ಚುತ್ತಿರಲಿಲ್ಲ. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಊಟದ ಹೊತ್ತಿಗೆ ಅದನ್ನು ತೆರೆದು ಮಾತಾಡುತ್ತಿದ್ದರು.

ಜಗಳೂರಿನಾಕೆಯ ತರಗತಿಯಲ್ಲಿ ಅವರು ಮೂರು ವಾರ ಕೂತರು. ನನ್ನದರಲ್ಲಿ ಒಮ್ಮೆಯೂ ಇಲ್ಲ. ಊಟದ ಹೊತ್ತಿಗೆ ಅವರಿಬ್ಬರ ಕಣ್ಣು ನೋಟ್‌ಬುಕ್ಕಿನ ಮೇಲೆ, ನನ್ನ ಕಣ್ಣು ಅವರ ಮೇಲೆ, ನನ್ನ ಸಾರು ಅಂಗಿಯ ಮೇಲೆ.

"ಬೋರ್ಡಿಗೆ ಪಾಠ ಮಾಡ್ತೀಯಾ, ಮಕ್ಕಳಿಗಾ ಅಂತ ಬೈದ್ರು ಇವತ್ತು," ಎಂದಳು ಆಕೆ, ಬಹುಮಾನ ಬಂದವಳಂತೆ.

"ನಂಗೆ ಬೈಯಾಕೆ ಏನೂ ಸಿಕ್ಕಿಲ್ಲ ಬಿಡ್ರೀ," ಎಂದೆ. ಅಂಗಿಯ ಮೇಲಿನ ಸಾರನ್ನು ಬೇಕಿಲ್ಲದಷ್ಟು ಹೊತ್ತು ಒರೆಸಿದೆ.

ನನಗೆ ಬರುವ ವಿದ್ಯೆ ಒಂದೇ: ಅಣಕ. ಮುಖ್ಯ ಶಿಕ್ಷಕರ ಕೆಮ್ಮು, ಹೊನ್ನಾಳಿ ಬಸ್ಸಿನ ಕಂಡಕ್ಟರನ ಸೀಟಿ, ಸಂದರ್ಶನದಲ್ಲಿ ಬೆವರಿದ ನನ್ನದೇ ಪೆಚ್ಚು ಮೋರೆ. ಪಾಠವೂ ಹಾಗೇ. ಮೇಡಂ ಮಾಡುವುದನ್ನು ಕಿಟಕಿಯಿಂದ ಕೇಳಿಸಿಕೊಂಡು ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದೆ. "ರೊಟ್ಟಿ ಒಂದೇ ಐತೆ, ತಿನ್ನೋರು ನಾಕು ಮಂದಿ. ಹೆಂಗೆ ಹಂಚ್ತೀರಿ?" ಕನ್ನಡಕ ಮೂಗಿನ ತುದಿಗೆ, ಕೈ ಹೆಗಲ ಮೇಲೆ ಇಲ್ಲದ ಸೆರಗಿಗೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ದಿನ ಆ ನಗು ಥಟ್ಟನೆ ನಿಂತಿತು. ಬಾಗಿಲಲ್ಲಿ ಮೇಡಂ. ನಾನಿನ್ನೂ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದೆ.

ಹೊರಗೆ ಕರೆದರು.

"ತಪ್ಪಾತು ಮೇಡಂ."

"ಚೆಂದ ಮಾಡ್ತೀರಿ ಮೇಷ್ಟ್ರೇ. ಸೆರಗು ಸ್ವಲ್ಪ ಜಾಸ್ತಿ ಆತು."

"ಮತ್ತೆ ಅವ್ರ ಕ್ಲಾಸಿಗೆ ಹೋಗ್ತೀರಿ, ನನ್ನ ಕ್ಲಾಸಿಗೆ ಯಾಕೆ ಬರಲ್ಲ?" ಬಾಯಿಂದ ಜಾರಿತು. ಒಂದನೇ ತರಗತಿ ಹುಡುಗನ ದನಿ. ಅದು ಮಾತ್ರ ಅಣಕವಲ್ಲ.

"ಮೂರು ಸಲ ಬಾಗಿಲ ತನಕ ಬಂದೀನಿ. ಮೂರು ಸಲಾನೂ ಒಳಗೆ ನಾನೇ ಪಾಠ ಮಾಡ್ತಿದ್ದೆ. ನನ್ನ ತಪ್ಪು ಬರ್ಕೊಂಡು ನಿಮಗೇನು ಹೇಳ್ಲಿ? ಆಕೆ ತಡವರಿಸ್ತಾಳೆ, ಆದ್ರೆ ತಡವರಿಸೋಳು ಆಕೇನೇ. ನಾಳೆ ಬರ್ತೀನಿ. ಕ್ಲಾಸಲ್ಲಿ ನೀವಿರ್ರಿ."

ಮರುದಿನ ಬಂದು ಕೂತರು. ನಾನು ರೊಟ್ಟಿ ಬಿಟ್ಟು, ನ್ಯಾಮತಿ ಬಸ್ಸಿನ ಒಂದು ಸೀಟನ್ನು ನಾಲ್ವರು ಹಂಚಿಕೊಳ್ಳುವ ಲೆಕ್ಕ ಹಿಡಿದೆ. ದನಿ ನೂಲಿನಂತೆ ಹೊರಟಿತು. ಯಾರೂ ನಗಲಿಲ್ಲ.

ಮುಂದಿನ ಸಾಲಿನ ಹುಡುಗಿ ಕೇಳಿದಳು, "ಸಾರ್, ಗಂಟಲು ಕಟ್ಟೈತಾ?"

"ಇಲ್ಲಮ್ಮ. ನನ್ನ ಗಂಟಲು ಇರೋದೇ ಹಿಂಗೆ."

ಊಟದ ಹೊತ್ತಿಗೆ ನೀಲಿ ನೋಟ್‌ಬುಕ್ಕು ನನ್ನ ಮುಂದೆ ತೆರೆಯಿತು. ಬರೀ ತಪ್ಪುಗಳೇ ಎರಡೂವರೆ ಪುಟ. ಆ ವಾರ ಅರ್ಧ ಪುಟವಷ್ಟೇ ಸಿಕ್ಕಿದ್ದ ಜಗಳೂರಿನಾಕೆ ಕತ್ತು ಉದ್ದ ಮಾಡಿ ಇಣುಕಿದಳು.

"ನಿಮ್ದು ನೀವು ನೋಡ್ಕೊಳ್ರೀ," ಎಂದು ಅಂಗೈ ಅಡ್ಡ ಇಟ್ಟೆ.