ರೋಸಮ್ಮ ಚೇಚಿಗೆ ಹೀರೋ ಪಾಠ

ಲುಂಗಿಯೆಂಬ ವಸ್ತ್ರಕ್ಕೆ ಜರ್ಮನಿಯಲ್ಲಿ ಯಾವ ಸ್ಥಾನಮಾನವಿದೆಯೆಂಬುದನ್ನು ನಾನು ಮ್ಯಾನ್‌ಹೈಮಿಗೆ ಬಂದ ಮೊದಲ ಚಳಿಗಾಲದಲ್ಲೇ ಅರಿತೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಬಾಡಿಗೆದಾರರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯೊಂದಿತ್ತು. ಅಲ್ಲಿನ ಹಗ್ಗದ ಮೇಲೆ ಶಿಸ್ತಾಗಿ ನೇತಾಡುವ ಕಪ್ಪು, ಬೂದು ಪ್ಯಾಂಟುಗಳ ನಡುವೆ ಒಣಗುತ್ತಿದ್ದ ನನ್ನ ಹಸಿರು ಚೌಕಳಿ ಲುಂಗಿಯನ್ನು ನೆರೆಯವರು ಮೇಜುಹಾಸೆಂದು ಭಾವಿಸಿ, ಗೌರವಪೂರ್ವಕವಾಗಿ ಮಡಿಸಿ ಇಡುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಕಂಪ್ಯೂಟರ್ ಬಲ್ಲವರು ಬೇಕೆಂದು ಇಲ್ಲಿನ ಸರ್ಕಾರ ಐದು ವರ್ಷದ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ತಜ್ಞನೊಬ್ಬ ಸಂಜೆಯಾಯಿತೆಂದರೆ ಮೇಜುಹಾಸು ಸುತ್ತಿಕೊಂಡು ಓಡಾಡುತ್ತಾನೆಂದು ಗೊತ್ತಾದರೆ, ಆ ಕಾರ್ಡಿನ ಹಸಿರು ಅವಧಿಗೆ ಮೊದಲೇ ಬಾಡೀತೆಂಬ ಅಂಜಿಕೆ ನನ್ನದು.

ಈ ಲುಂಗಿ ನನಗೆ ಪಿತ್ರಾರ್ಜಿತವಲ್ಲ. ಕಾಸರಗೋಡಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನ್ನ ತಂದೆ ಬಿಳಿಯ ಪಂಚೆಯ ಕಟ್ಟಾ ಅನುಯಾಯಿ. ನಾನು ಲುಂಗಿ ಕಲಿತದ್ದು ಮಲಯಾಳ ಚಿತ್ರಗಳ ನಾಯಕನೊಬ್ಬನಿಂದ. ಆತನ ಹೆಸರನ್ನು ಇಲ್ಲಿ ಹೇಳಲಾರೆ. ಹೇಳಿದೊಡನೆ ನಿಮ್ಮಲ್ಲಿ ಅರ್ಧದಷ್ಟು ಜನ ಇನ್ನೊಬ್ಬ ನಾಯಕನ ಪಕ್ಷ ವಹಿಸಿ ಎದ್ದುಹೋದೀರಿ, ಉಳಿದರ್ಧ ಜನ ನನಗಿಂತ ಹೆಚ್ಚು ಬಲ್ಲವರಾಗಿ ನನ್ನನ್ನೇ ಎಬ್ಬಿಸಿ ಕಳಿಸೀರಿ. ಪರದೆಯ ಮೇಲೆ ಆತ ಹಿಮ್ಮಡಿಯಿಂದ ಲುಂಗಿಯ ಅಂಚನ್ನು ಹಿಂದಕ್ಕೆ ಚಿಮ್ಮಿಸಿ, ತಿರುಗಿಯೂ ನೋಡದೆ ಕೈಯಲ್ಲಿ ಹಿಡಿದು, ಮೊಣಕಾಲ ಮೇಲಕ್ಕೆ ಕಟ್ಟಿದನೆಂದರೆ ಖಳನಾಯಕನಿಗೆ ಕೇಡುಗಾಲ ಬಂತೆಂದೇ ಅರ್ಥ. ನಾವು ಹುಡುಗರು ಇದನ್ನು ಸ್ನಾನದ ಟವೆಲಿನಲ್ಲಿ ಅಭ್ಯಾಸ ಮಾಡಿ, ಅಂಗಳದಲ್ಲಿ ಮುಗ್ಗರಿಸಿ, ಮಾನವನ್ನೂ ಮಂಡಿಯ ಚರ್ಮವನ್ನೂ ಏಕಕಾಲದಲ್ಲಿ ಕಳೆದುಕೊಂಡಿದ್ದೇವೆ.

ಗಡಿನಾಡಿನ ಕನ್ನಡಿಗರಾದ ತಂದೆಗೆ ಮಲಯಾಳ ಸಿನಿಮಾವೆಂದರೆ ಅತಿಕ್ರಮಣದ ಇನ್ನೊಂದು ರೂಪ. ನಾನು ಕದ್ದು ಟಾಕೀಸಿಗೆ ಹೋದ ಸುದ್ದಿ ತಿಳಿದ ಒಂದು ಮಧ್ಯಾಹ್ನ, ಅವರು ಟಿಕೆಟು ಹರಿಯುವವನನ್ನು ಒಂದೇ ನೋಟದಿಂದ ಪಕ್ಕಕ್ಕೆ ಸರಿಸಿ, ಕೊರಳಪಟ್ಟಿ ಹಿಡಿದು ನನ್ನನ್ನು ಎಳೆದೊಯ್ಯುವ ಸಂಕಲ್ಪದಿಂದ ಒಳಗೆ ಬಂದರು. ಕತ್ತಲೆಯಲ್ಲಿ ನನ್ನನ್ನು ಹುಡುಕುತ್ತ ಗೋಡೆಗೊರಗಿ ನಿಂತವರು, ಆ ನಾಯಕ, ತೀರಿಹೋದ ತನ್ನ ತಾಯಿಯ ಬಟ್ಟೆಯ ಪೆಟ್ಟಿಗೆಯನ್ನು ತೆರೆಯುವ ದೃಶ್ಯದ ಹೊತ್ತಿಗೆ ಹುಡುಕುವುದನ್ನು ಮರೆತಿದ್ದರು. ಚಿತ್ರ ಮುಗಿದು ದೀಪ ಹತ್ತಿದಾಗ ಅವರು ಇನ್ನೂ ಅಲ್ಲೇ ಇದ್ದರು. ಮನೆಯ ಮೆಟ್ಟಿಲು ಹತ್ತುವಾಗ, ಆ ಮನುಷ್ಯ ಅಳುವುದನ್ನು ಚೆನ್ನಾಗಿ ಅಳುತ್ತಾನೆ ಎಂದರು. ಕನ್ನಡ ಮೇಷ್ಟ್ರೊಬ್ಬರು ಆ ಕಾಲದಲ್ಲಿ ಮಲಯಾಳ ನಟನಿಗೆ ಕೊಡಬಹುದಾಗಿದ್ದ ಪ್ರಶಸ್ತಿ ಅದಕ್ಕಿಂತ ದೊಡ್ಡದಿರಲಿಲ್ಲ.

ಇರಲಿ, ಲುಂಗಿಯ ವಿಷಯಕ್ಕೆ ಮರಳೋಣ. ಒಂದು ಶನಿವಾರ ನೆಲಮಾಳಿಗೆಗೆ ಇಳಿದರೆ, ಹಗ್ಗದ ಮುಂದೆ ಹಿರಿಯ ಹೆಂಗಸೊಬ್ಬರು ನನ್ನ ಲುಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನಿಂತಿದ್ದರು. ಮೂರನೆಯ ಮಹಡಿಯ ರೋಸಮ್ಮ. ಕೋಟ್ಟಯಂ ಕಡೆಯವರು, ಹುಡುಗಿಯಾಗಿದ್ದಾಗಲೇ ಸನ್ಯಾಸಿನಿಯರ ಜೊತೆ ದಾದಿಯ ಕೆಲಸಕ್ಕೆಂದು ಹೈಡೆಲ್‌ಬರ್ಗಿಗೆ ಬಂದು, ಜರ್ಮನ್ ಗೃಹಸ್ಥನನ್ನು ಮದುವೆಯಾಗಿ, ಆತ ತೀರಿಕೊಂಡ ಮೇಲೆ ಒಂಟಿಯಾಗಿ ಉಳಿದವರು. ಮಲಯಾಳಿಯೇ ಎಂದು ಕೇಳಿದರು. ಅಲ್ಲ, ಆದರೆ ಮಲಯಾಳ ಬಲ್ಲೆ ಎಂದೆ. ಆ ಕ್ಷಣದಿಂದ ಅವರು ನನಗೆ ಚೇಚಿ, ಅಂದರೆ ಅಕ್ಕ. ನಾನು ಅವರಿಗೆ ಮೋನ್, ಅಂದರೆ ಮಗ. ಈ ಸಂಬಂಧಗಳು ಲೆಕ್ಕಕ್ಕೆ ಹೊಂದುವುದಿಲ್ಲವೆಂದು ನಮ್ಮಿಬ್ಬರಿಗೂ ತೋಚಲಿಲ್ಲ.

ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ನಾನು, ವರ್ಷಗಟ್ಟಲೆ ಕಾದಿಟ್ಟ ಹಸಿವಿನಿಂದ, ನನ್ನ ನಾಯಕನ ಹೆಸರೆತ್ತಿದೆ. ರೋಸಮ್ಮ ಚೇಚಿ ವಿನಯದಿಂದ, ಅದು ಯಾರು ಎಂದು ಕೇಳಿದರು. ಕಪ್ಪು ಕೆಳಗಿಟ್ಟೆ. ಮಲಯಾಳಿಗಳೆಲ್ಲರೂ ಆತನನ್ನು ಬಲ್ಲರೆಂಬುದು ನಮ್ಮ ಗಡಿನಾಡಿನವರ ಮೂಲಭೂತ ನಂಬಿಕೆ. ಆದರೆ ಆತ ಪರದೆಗೆ ಬರುವುದಕ್ಕೆ ಎಷ್ಟೋ ಮೊದಲೇ ಈಕೆ ವಿಮಾನವೇರಿದ್ದರು. ನಮ್ಮ ಬಾಲ್ಯವನ್ನೆಲ್ಲ ತುಂಬಿದ್ದ ಮನುಷ್ಯ ಅವರ ಪಾಲಿಗೆ ಹುಟ್ಟಿಯೇ ಇರಲಿಲ್ಲ.

ನನ್ನ ಪೆಚ್ಚುಮೋರೆ ನೋಡಿ ಅವರು ನಕ್ಕರು. ನಗು ನಿಂತ ಮೇಲೆ, ಮುಂದಿನ ವಸಂತದಲ್ಲಿ ತಾನು ನಿವೃತ್ತಳಾಗುವುದಾಗಿಯೂ, ಊರಿಗೆ ಹೋಗಿ ತಮ್ಮನ ಮನೆಯ ಪಕ್ಕದಲ್ಲಿ ನೆಲೆಸುವ ಆಸೆಯಿರುವುದಾಗಿಯೂ, ಹೋಗಲು ಧೈರ್ಯ ಸಾಲದಾಗಿರುವುದಾಗಿಯೂ ಹೇಳಿದರು. ಭಾನುವಾರ ತಮ್ಮನಿಗೆ ಫೋನು ಮಾಡುತ್ತಾರೆ. ಅಲ್ಲಿ ಮಳೆಯೇ, ಇಲ್ಲಿ ಚಳಿಯೇ, ಆರೋಗ್ಯವೇ, ಅಷ್ಟಕ್ಕೆ ಮಾತು ಮುಗಿಯುತ್ತದೆ. ರಜೆಗೆ ಹೋದರೆ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಒಳ್ಳೆಯ ತಟ್ಟೆಯಲ್ಲಿ ಮೀನು ಬಡಿಸುತ್ತಾರೆ. ಉಳಿದವರು ಅಡುಗೆಮನೆಯಲ್ಲಿ ಯಾವುದಕ್ಕೋ ಗೊಳ್ಳೆಂದು ನಗುತ್ತಾರೆ. ಯಾವುದೋ ಸಿನಿಮಾದ ಮಾತಂತೆ, ಈಕೆಗೆ ತಿಳಿಯುವುದಿಲ್ಲ. ಬರುವ ಕ್ರಿಸ್ಮಸ್ಸಿಗೆ ಕೊನೆಯ ಬಾರಿ ಹೋಗಿ ನೋಡುವುದು, ಆಮೇಲೆ ನಿರ್ಧರಿಸುವುದು. "ಆ ನಗು ಏನಂತ ನನಗೂ ಸ್ವಲ್ಪ ಹೇಳಿಕೊಡು, ಮೋನೇ" ಎಂದರು.

ಹೀಗೆ ಕನ್ನಡಿಗನೊಬ್ಬ ಮಲಯಾಳಿಯೊಬ್ಬರಿಗೆ ಮಲಯಾಳ ಹೀರೋ ಪಾಠ ಹೇಳುವ ಅಪೂರ್ವ ವಿದ್ಯಾಪೀಠವೊಂದು ಸ್ಥಾಪನೆಗೊಂಡಿತು. ಉಪ್ಪಿನಕಾಯಿಯ ಜೊತೆ ಸೂಟ್‌ಕೇಸಿನಲ್ಲಿ ತಂದಿದ್ದ ಸೀಡಿಗಳೇ ಪಠ್ಯಪುಸ್ತಕ. ಭಾನುವಾರವೆಲ್ಲ ನಾನು ನಾಪತ್ತೆಯಾಗುವುದನ್ನು ಕಂಡ ಮೈಸೂರಿನ ಸಹೋದ್ಯೋಗಿ, "ಏನ್ ಗುರು, ನಮ್ಮನ್ನ ಬಿಟ್ಟು ಓಮಾ ಜೊತೆ ಪಿಕ್ಚರ್ರಾ?" ಎಂದು ಛೇಡಿಸಿದ. ಓಮಾ ಎಂದರೆ ಇಲ್ಲಿ ಅಜ್ಜಿ. ನಾನು ಗುರುಸ್ಥಾನದ ಗಾಂಭೀರ್ಯದಿಂದ ಮುಂದಿನ ವಾರದ ಸೀಡಿಯನ್ನು ಆರಿಸತೊಡಗಿದೆ. ಚೇಚಿಯೇನೂ ಸುಲಭದ ವಿದ್ಯಾರ್ಥಿನಿಯಲ್ಲ. ನಾಯಕ ಆಸ್ಪತ್ರೆಯ ಮಂಚದಲ್ಲಿ ಸಾಯುವ ಘನಘೋರ ದೃಶ್ಯದಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ, ಅವರು ಗ್ಲೂಕೋಸ್ ನಳಿಗೆಯನ್ನು ಎಷ್ಟು ತಪ್ಪಾಗಿ ಚುಚ್ಚಿದ್ದಾರೆಂದು ನರ್ಸ್ ವೇಷದವಳನ್ನು ಬೈಯುತ್ತಿದ್ದರು. ಆದರೂ ಶರತ್ಕಾಲದ ಹೊತ್ತಿಗೆ ಯಾವ ಮಾತಿಗೆ ಊರು ನಕ್ಕಿತು, ಯಾವ ಹಾಡಿಗೆ ಅತ್ತಿತು ಎಂಬುದನ್ನೆಲ್ಲ ಕರಗತ ಮಾಡಿಕೊಂಡರು. ಆ ನಾಯಕ ಪೊಲೀಸ್ ಸಮವಸ್ತ್ರದಲ್ಲಿ ಗುಡುಗುವ ಚಿತ್ರಗಳೆಲ್ಲ ಬರಿಯ ಗದ್ದಲ, ದೋಣಿಕಾರನೋ ಗುಮಾಸ್ತನೋ ಆದಾಗಲೇ ಆತ ಮಹಾನಟ ಎಂಬ ನನ್ನ ಸಿದ್ಧಾಂತವನ್ನಂತೂ ಅವರಿಗೆ ಬಾಯಿಪಾಠ ಮಾಡಿಸಿಯೇ ವಿಮಾನ ಹತ್ತಿಸಿದೆ.

ಅವರು ಮರಳಿದ್ದು ಜನವರಿಯಲ್ಲಿ. ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತವರ ಮುಖ ನೋಡಿ, ಪರೀಕ್ಷೆಯಲ್ಲಿ ಫೇಲಾದರೆಂದೇ ಎಣಿಸಿದೆ. ಕೂತ ಮೇಲೆ ಹೇಳಿದರು. ಊಟದ ಹೊತ್ತಿನಲ್ಲಿ ಟೀವಿಯಲ್ಲಿ ನಮ್ಮ ನಾಯಕನ ಪೊಲೀಸ್ ಚಿತ್ರ ಬರುತ್ತಿತ್ತಂತೆ. ಈಕೆ ನನ್ನ ಸಿದ್ಧಾಂತವನ್ನು ಮಂಡಿಸಿದ್ದಾರೆ. ತಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟು, ನಿನಗೇನು ಗೊತ್ತು, ಹಿಮದಲ್ಲಿ ಕೂತವಳಿಗೆ, ಬಾಯಿ ಮುಚ್ಚಿ ನೋಡು ಎಂದು ಕೂಗಾಡಿದ್ದಾನೆ. ಈಕೆಯೂ ಬಿಟ್ಟಿಲ್ಲ. ಅಡುಗೆಮನೆಯವರೆಲ್ಲ ಹೊರಗೆ ಬಂದು ಎರಡು ಪಕ್ಷವಾಗಿ, ಮೀನು ಆರಿ ತಣ್ಣಗಾಗಿ, ಒಳ್ಳೆಯ ಕುರ್ಚಿಯ ನೆಂಟರಾದ ಈಕೆ ತಾವೇ ಎದ್ದು ಬಡಿಸಿಕೊಂಡಿದ್ದಾರೆ. ಅಯ್ಯೋ, ನನ್ನಿಂದಾಗಿ ಜಗಳವಾಯಿತಲ್ಲ ಎಂದು ನಾನು ಪೇಚಾಡಿದೆ.

"ನೆಂಟರ ಮೇಲೆ ಯಾರಾದರೂ ರೇಗ್ತಾರಾ, ಮೋನೇ?" ಎಂದರು ರೋಸಮ್ಮ ಚೇಚಿ. "ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ರೇಗಿದ್ದು ಇದೇ ಮೊದಲು. ಊರಿಗೆ ಹೋಗ್ತೀನಿ, ಇಲ್ಲಿನ ಮನೆ ಬಿಡ್ತೀನಿ ಅಂತ ಮಾಲೀಕರಿಗೆ ಹೇಳಿಬಿಟ್ಟೆ."

ವಸಂತ ಬಂತು. ಸಾಮಾನು ಕಟ್ಟಲು ನೆರವಾಗಲೆಂದು ಹೋದವನು ಪೆಟ್ಟಿಗೆಗಳ ನಡುವೆ ಕೂತು, ಹೊರಡುವ ಮುನ್ನ ಒಂದು ಮಾತು ತಿಳಿಸಿಬಿಡೋಣವೆಂದು, ಪೊಲೀಸ್ ಚಿತ್ರಗಳ ವಿಷಯದಲ್ಲಿ ಅವರ ತಮ್ಮನದು ಶುದ್ಧ ಅವಿವೇಕವೆಂದೂ, ಹೋದೊಡನೆ ಆತನಿಗೆ ನನ್ನ ಪರವಾಗಿ ಹೇಳಬೇಕೆಂದೂ ಕೇಳಿಕೊಂಡೆ. ಚೇಚಿ ಅಂಟುಪಟ್ಟಿಯನ್ನು ಹಲ್ಲಿನಿಂದ ಕಡಿಯುವುದನ್ನು ನಿಲ್ಲಿಸಿದರು. ನನ್ನ ತಮ್ಮ ಹೇಳಿದ್ದೇ ಸರಿ, ನೀನು ಗುಮಾಸ್ತರ ಚಿತ್ರ ತೋರಿಸಿ ತೋರಿಸಿ ನನ್ನ ಭಾನುವಾರಗಳನ್ನೆಲ್ಲ ಹಾಳುಮಾಡಿದೆ, ಮೊದಲು ಆ ಪೆಟ್ಟಿಗೆಯ ಹಗ್ಗವನ್ನು ಸರಿಯಾಗಿ ಬಿಗಿ, ಅದಾದರೂ ಬರುತ್ತದೋ ಇಲ್ಲವೋ ಎಂದು ನನ್ನ ಮೇಲೆ ರೇಗಿದರು. ಪರದೇಶಕ್ಕೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಗದರಿಸಿರಲಿಲ್ಲ. ಕಣ್ಣು ಒದ್ದೆಯಾದದ್ದು ಅವರಿಗೆ ಕಾಣದಿರಲೆಂದು ಬಗ್ಗಿ, ಹಗ್ಗವನ್ನು ಇನ್ನೊಮ್ಮೆ ಬಿಚ್ಚಿ ಬಿಗಿದೆ.