ಮೋಟರ್ ಆನ್ ಆಗಿತ್ತು, ಅಕ್ಕ ಇನ್ನೂ ತಲುಪಿರಲಿಲ್ಲ

ಇದನ್ನು ಓದಿ ನಗುವವರು ಒಂದು ರಾತ್ರಿ ಬನ್ನೂರಿನ ಹತ್ತಿರದ ನಮ್ಮ ಕಬ್ಬಿನ ಗದ್ದೆಗೆ ಬಂದು ನಿಲ್ಲಲಿ, ಆಮೇಲೆ ಮಾತಾಡೋಣ. ನಡೆದದ್ದನ್ನಷ್ಟೇ ಹೇಳುತ್ತಿದ್ದೇನೆ.

ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ನೀರು ಹಾಯಿಸಲು ಅಕ್ಕ ಒಬ್ಬಳೇ ಹೋಗುತ್ತಿದ್ದಳು. ಬೇಡವೆಂದರೆ ನನಗೇ ಬೈಯುತ್ತಿದ್ದಳು. ಅವಳು ಮೋಟರ್ ಮನೆ ತಲುಪಿದ್ದು ಗೊತ್ತಾಗಲೆಂದು ನಾನು ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಆಪ್ ಬರೆದಿದ್ದೆ. ಸ್ಟಾರ್ಟರಿಗೆ ಬೆರಳಚ್ಚಿನ ಬೀಗವಿದೆ, ನಮ್ಮಿಬ್ಬರ ಬೆರಳು ಬಿಟ್ಟು ಬೇರೆಯವರ ಬೆರಳಿಗೆ ಆನ್ ಆಗುವುದಿಲ್ಲ. ಮೋಟರ್ ಆನ್ ಆದರೆ ನನ್ನ ಫೋನಿನಲ್ಲಿ 'ಅಕ್ಕ ತಲುಪಿದಳು' ಎಂದು ಬರುತ್ತಿತ್ತು. ನಾನು ನಿಶ್ಚಿಂತೆಯಾಗಿ ಮಲಗುತ್ತಿದ್ದೆ.

ಆ ರಾತ್ರಿ ಕೋಡ್ ನೋಡುವಾಗ ತಪ್ಪು ಕಣ್ಣಿಗೆ ಬಿತ್ತು. ಮೋಟರಿನ ಸ್ಥಿತಿ ಹೇಳುವ 'ಆನ್' ಎಂಬ ಎನಮ್ ಕೇಸಿನ ಒಳಗೆ, ಯಾರ ಬೆರಳಿಗೆ ಆನ್ ಆಯಿತೋ ಅವರ ಹೆಸರೂ ಇರುತ್ತದೆ. ನಾನು ಕೇಸನ್ನು ಮಾತ್ರ ಹೋಲಿಸಿ ಹೆಸರನ್ನು ಬಿಟ್ಟಿದ್ದೆ. ಡಬ್ಬಿ ನೋಡಿ, ಮುಚ್ಚಳ ತೆಗೆಯದೆ, ಊಟ ಬಂತು ಅಂದ ಹಾಗೆ. ಯಾರು ಆನ್ ಮಾಡಿದರೂ 'ಅಕ್ಕ ತಲುಪಿದಳು' ಎಂದೇ ಬರುತ್ತಿತ್ತು... ಹೆಸರನ್ನೂ ಹೋಲಿಸುವಂತೆ ತಿದ್ದಿ, ಆಪ್ ಮತ್ತೆ ಓಡಿಸಿದೆ.

ಅಕ್ಕ ಆಗಷ್ಟೇ ಮನೆ ಬಿಟ್ಟಿದ್ದಳು. ಮೋಟರ್ ಆನ್ ಆಯಿತೆಂದು ಆಪ್ ತೋರಿಸಿತು. 'ಅಕ್ಕ ತಲುಪಿದಳು' ಮಾತ್ರ ಬರಲಿಲ್ಲ. ಒಳಗಿನ ಹೆಸರು ತೆಗೆದು ನೋಡಿದೆ. ಅಕ್ಕನದಲ್ಲ, ನನ್ನದೂ ಅಲ್ಲ... ಖಾಲಿ.

ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಎಲ್ಲಿದ್ದೀಯ?"

"ಏರಿ ಮ್ಯಾಲೆ ಓಯ್ತಾ ಇವ್ನಿ ಕಣೋ. ಯಾಕ್ಲಾ?"

"ಮೋಟ್ರು ಮನೆ?"

"ಇನ್ನೂ ದೂರ ಅದೆ. ಸದ್ದು ಕೇಳ್ತಾ ಅದಲ್ಲ."

ಅವಳ ಮಾತಿನ ಹಿಂದೆ ಗುಂಯ್ ಎನ್ನುವುದು ನನಗೂ ಕೇಳಿಸಿತು.

"ವಾಪಸ್ ಬಾ ಅಕ್ಕ. ತಿರುಗಿ ನೋಡ್ಬ್ಯಾಡ."

ಸದ್ದು ನಿಂತಿತು. ಅಕ್ಕ ದನಿ ತಗ್ಗಿಸಿದಳು. "ಮೋಟ್ರು ನಿಂತೋಯ್ತು ಕಣೋ... ಕೂದ್ಲು ಸುಟ್ಟಂಗೆ ವಾಸ್ನೆ ಬತ್ತಾ ಅದೆ."

ಟಾರ್ಚ್ ಹಿಡಿದು ಓಡಿದೆ. ದಾರಿಯಲ್ಲೇ ಸಿಕ್ಕಿದಳು. ಕೈ ಹಿಡಿದು ಮನೆಗೆ ಕರೆತಂದು, ಚಿಲಕ ಹಾಕಿದ ಮೇಲೆ ಎಲ್ಲ ಹೇಳಿದೆ.

ಅವಳು ನೀರು ಕುಡಿದು ಚೊಂಬು ಕೆಳಗಿಟ್ಟಳು. "ಅದುಕ್ಯಾಕ್ಲಾ ಇಷ್ಟು ಎದರ್ಕೊಂಡೆ? ನಾನು ಓಗೋಕ್ ಮುಂಚೆ ದಿನಾ ಮೋಟ್ರು ಆನ್ ಆಗೇ ಇರ್ತಿತ್ತಲ್ಲ. ನೀನೇ ಫೋನಲ್ಲಿ ಆಕ್ತೀಯ ಅಂದ್ಕಂಡಿದ್ದೆ."

ನನ್ನ ಆಪಿನಲ್ಲಿ ಮೋಟರ್ ಆನ್ ಮಾಡುವ ಬಟನ್ನೇ ಇಲ್ಲ. ಇವತ್ತಿಗೂ ಅವಳಿಗೆ ಅದನ್ನು ಹೇಳುವ ಧೈರ್ಯ ಬಂದಿಲ್ಲ. ಈಗ ಇಬ್ಬರೂ ಒಟ್ಟಿಗೇ ಹೋಗುತ್ತೇವೆ... ನಾವು ತಲುಪುವಷ್ಟರಲ್ಲಿ ಗದ್ದೆಯಲ್ಲಿ ನೀರು ಹರಿಯುತ್ತಿರುತ್ತದೆ.