ಬ್ಯಾನರಿನಲ್ಲಿ ಬರೆಯದ ಪದ

ಜೆ.ಪಿ. ನಗರದ ಒಂದು ಟ್ರಸ್ಟಿನ ಅಧ್ಯಕ್ಷರು ನನ್ನನ್ನು ತರಬೇತಿಗೆ ಕರೆದಾಗ ಒಂದೇ ಒಂದು ಷರತ್ತು ಹಾಕಿದರು.

"ಮೇಡಂ, ಆ 'ಮದ್ಯ' ಅನ್ನೋ ಪದ ಮಾತ್ರ ಬೇಡ. ನಮ್ಮ ದಾನಿಗಳೆಲ್ಲ ಜಯನಗರ, ಬಸವನಗುಡಿಯ ಹಳೇ ಮನೆತನದೋರು. ಬ್ಯಾನರ್ ಮೇಲೆ ನೋಡಿದ್ರೆ ಏನಂದ್ಕೋತಾರೆ?"

ನನ್ನನ್ನು ಕರೆದದ್ದೇ ಆ ಪದದ ಸಲುವಾಗಿ. ಟ್ರಸ್ಟಿನ ಮನೆಯಲ್ಲಿದ್ದ ಒಬ್ಬ ಹುಡುಗಿಯ ತೊಂದರೆಗೆ ಅದೇ ಕಾರಣವೆಂದು ಡಾಕ್ಟರು ಈಚೆಗೆ ಹೇಳಿದ್ದರು, ಅಧ್ಯಕ್ಷರು ಅದನ್ನು ಸಿಬ್ಬಂದಿಗೂ ತಿಳಿಸಿರಲಿಲ್ಲ. ಬಸಿರಿನಲ್ಲಿ ತಾಯಿ ಕುಡಿದ ಮದ್ಯ ಮಗುವಿನ ಮಿದುಳನ್ನು ಕೆಡಿಸಿದರೆ, ಆ ಮಗು ಬೆಳೆದು ದೊಡ್ಡದಾದ ಮೇಲೂ ಕೆಲವು ವಿಷಯಗಳಲ್ಲಿ ಮಗುವಿನಂತೆಯೇ ಉಳಿಯುತ್ತದೆ. ಅಂಥವರ ಜೊತೆ ದಿನವೂ ಇರುವ ಸಿಬ್ಬಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುವುದು ವಿಶೇಷ ಶಿಕ್ಷಕಿಯಾದ ನನ್ನ ಕೆಲಸ. ಮದ್ಯ ಎನ್ನದೆ ಇದನ್ನು ಹೇಳುವುದು, ಸಕ್ಕರೆ ಎನ್ನದೆ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮಾಡಿದಂತೆ. ಆದರೂ ಹೂಂ ಎಂದೆ. ಹೋಗಿ ನೋಡಿದರೆ ಬ್ಯಾನರಿನಲ್ಲಿ "ಆರೈಕೆಯಲ್ಲಿ ಜೀವನ ಮೌಲ್ಯಗಳು" ಎಂದು ಬರೆಸಿದ್ದರು. ಅಧ್ಯಕ್ಷರ ಫೋಟೋ ಆ ಅಕ್ಷರಗಳಿಗಿಂತ ದೊಡ್ಡದಾಗಿತ್ತು.

ಅದು ಒಂದು ಬಾಡಿಗೆ ಮನೆ. ತಾವೇ ಒಂಟಿಯಾಗಿ ಬದುಕಲಾಗದ, ಆದರೆ ಆಸ್ಪತ್ರೆಯಲ್ಲೂ ಇರಬೇಕಿಲ್ಲದ ನಾಲ್ವರು ಹೆಣ್ಣುಮಕ್ಕಳು ಸಿಬ್ಬಂದಿಯ ನೆರವಿನಲ್ಲಿ ಅಲ್ಲಿ ವಾಸವಿದ್ದರು. ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಕೆ ಹಿಂದೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದವರು. ಕಾರ್ಖಾನೆ ಬಿಟ್ಟಿದ್ದರೂ ಕಾರ್ಖಾನೆ ಅವರನ್ನು ಬಿಟ್ಟಿರಲಿಲ್ಲ. ಸ್ನಾನ, ತಿಂಡಿ, ಬಟ್ಟೆ ಮಡಿಸುವುದು ಎಲ್ಲವೂ ಅವರ ಕೈಯಲ್ಲಿ ಸಂಜೆಯೊಳಗೆ ಲಾರಿ ಹತ್ತಬೇಕಾದ ಮಾಲಿನಂತೆ ನಡೆಯುತ್ತಿತ್ತು.

ಅವರ ದೂರೆಲ್ಲ ಒಬ್ಬಳ ಮೇಲೆಯೇ. ಇಪ್ಪತ್ತೇಳರ ಹುಡುಗಿ, ಅರಳು ಹುರಿದಂತೆ ಮಾತು. ಹಿಂದಿನ ತಿಂಗಳು ಯಾರಿಗೂ ಹೇಳದೆ ಬಸ್ಸು ಹತ್ತಿ ಬನಶಂಕರಿ ಬಸ್ ನಿಲ್ದಾಣ ಸೇರಿದ್ದಳು. ಕೇಳಿದರೆ "ಅಧ್ಯಕ್ಷ ಅಂಕಲ್ಲೇ ಹೋಗು ಅಂದ್ರು" ಎಂದಿದ್ದಳು. ಅಧ್ಯಕ್ಷರು ಆ ದಿನ ಊರಲ್ಲೇ ಇರಲಿಲ್ಲ.

"ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳ್ತಾಳೆ ಮೇಡಂ," ಎಂದರು ಉಸ್ತುವಾರಿ. "ಒಂದು ವಾರ ಟಿವಿ ಕಟ್ ಮಾಡಿದ್ವಿ. ದಿನಾ ಬಂದು, ಟಿವಿ ಯಾಕೆ ಹಾಕಿಲ್ಲ ಅಕ್ಕಾ ಅಂತಾಳೆ! ಎಷ್ಟು ಕೊಬ್ಬು ನೋಡಿ."

"ಶಿಸ್ತು ಬೇಕು," ಎಂದರು ಅಧ್ಯಕ್ಷರು. ನಿವೃತ್ತ ಇಂಜಿನಿಯರ್ ಅವರು. "ಒಂದ್ಸಲ ಹೇಳಿದ್ದನ್ನ ಕೇಳಿಸ್ಕೊಂಡು ಮಾಡೋಕೆ ಏನು ಕಷ್ಟ?"

ಆ ಪ್ರಶ್ನೆಗೆ ನನ್ನ ಬಳಿ ಸ್ಲೈಡುಗಳಿದ್ದವು. ಮಿದುಳಿನ ಬಣ್ಣಬಣ್ಣದ ಚಿತ್ರಗಳು. ಅವುಗಳನ್ನು ತೋರಿಸಿದಾಗಲೆಲ್ಲ ಜನ ಶ್ರದ್ಧೆಯಿಂದ ನಿದ್ದೆ ಮಾಡುವುದನ್ನು ನೋಡಿದ್ದೇನೆ. ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ಟಿವಿಯನ್ನು ಜೋರಾಗಿ ಹಾಕಿಸಿದೆ, ಅಡುಗೆಯಾಕೆಗೆ ಚಟ್ನಿ ರುಬ್ಬಲು ಹೇಳಿದೆ. ಆ ಗದ್ದಲದಲ್ಲಿ ಎಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳಿದೆ: ಎದ್ದು ಕನ್ನಡಕ ತೆಗೆದು ಎಡಗಡೆ ಇಡಿ, ಅಡುಗೆಮನೆಯಿಂದ ಲೋಟ ತನ್ನಿ, ನೀರು ತುಂಬಬೇಡಿ, ಕಿಟಕಿ ಪಕ್ಕ ಕೂತವರಿಗೆ ಬಲಗೈಯಲ್ಲಿ ಕೊಟ್ಟು ಬಾಗಿಲ ಹತ್ತಿರ ನಿಲ್ಲಿ.

ಎಲ್ಲರೂ ದಿಕ್ಕಾಪಾಲಾದರು. ಅಧ್ಯಕ್ಷರು ಮಾತ್ರ ಗಂಭೀರವಾಗಿ ಹೋಗಿ, ಲೋಟದ ತುಂಬ ನೀರು ತಂದು, ನಡುಮನೆಯಲ್ಲಿ ನಿಂತು ಗಟಗಟ ಕುಡಿದರು.

"ಸಾರ್, ನೀರು ತುಂಬಬೇಡಿ ಅಂದಿದ್ದೆ."

"ಇಲ್ಲ ಮೇಡಂ, ತುಂಬಿಸಿ ಅಂದ್ರಿ."

"ಇಲ್ಲ ಸಾರ್."

"ಅಂದ್ರಿ ರೀ! ನಾನು ಕಿವಿಯಾರೆ ಕೇಳಿದೀನಿ. 'ಕುಡೀರಿ ಸಾರ್' ಅಂತಾನೂ ಅಂದ್ರಿ."

ನೋಡುತ್ತಿದ್ದ ಉಸ್ತುವಾರಿ ಮುಖ ಗಂಟಿಕ್ಕಿಕೊಂಡೇ ಕೇಳಿದರು: "ಸಾರ್‌ಗೆ ಒಂದು ವಾರ ಟಿವಿ ಕಟ್ ಮಾಡೋಣ್ವಾ ಮೇಡಂ?"

ಸಿಬ್ಬಂದಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಬಾಗಿಲಲ್ಲಿ ಆ ಹುಡುಗಿಯೂ ನಿಂತಿದ್ದಳು. ಉಳಿದ ಮೂವರನ್ನು ಪಾರ್ಕಿಗೆ ಕಳಿಸಿದ್ದರು. ಇವಳ ತಾಯಿ ನೋಡಲು ಬಂದಿದ್ದರಿಂದ ಇವಳು ಹೋಗಿರಲಿಲ್ಲ. "ಪರ್ವಾಗಿಲ್ಲ ಬಿಡಿ ಅಂಕಲ್," ಎಂದಳು. "ನಂಗೂ ಹಂಗೇ ಆಗತ್ತೆ."

ಅವಳ ಸಮಾಧಾನ ಅಧ್ಯಕ್ಷರಿಗೆ ಬೇಕಾಗಿರಲಿಲ್ಲ. ನಾನು ಅದೇ ಎಳೆ ಹಿಡಿದು ಮುಂದುವರಿದೆ. ಸಾರ್ ಸುಳ್ಳು ಹೇಳಲಿಲ್ಲ, ಮರೆತ ಜಾಗದಲ್ಲಿ ಮನಸ್ಸು ಏನೋ ಒಂದನ್ನು ತುಂಬಿತು, ಅದನ್ನೇ ಅವರು ನಿಜವೆಂದು ನಂಬಿದರು. ಈ ಹುಡುಗಿಗೆ ದಿನವಿಡೀ ಹೀಗೆಯೇ ಆಗುತ್ತದೆ. ಟಿವಿ ನಿಲ್ಲಿಸಿದ್ದಕ್ಕೂ ಬಸ್ಸು ಹತ್ತಿದ್ದಕ್ಕೂ ಏನು ಸಂಬಂಧವೆಂದು ಅವಳಿಗೆ ಹೊಳೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದೇ ಪದಗಳಲ್ಲಿ ಹೇಳಿ. ನಿನ್ನೆ ಮಾಡಿದ್ದನ್ನು ಇವತ್ತು ಮಾಡಲಾಗದಿದ್ದರೆ ಅದು ಹಟವಲ್ಲ. ಅವಳನ್ನು ಬದಲಾಯಿಸಲು ಹೋಗಬೇಡಿ, ಅವಳ ಸುತ್ತಲಿನದನ್ನು ಬದಲಾಯಿಸಿ.

"ಇಷ್ಟಕ್ಕೆಲ್ಲ ಕಾರಣ ಏನು?" ಎಂದು ಸಿಬ್ಬಂದಿಯಲ್ಲೊಬ್ಬರು ಕೇಳಿದರು. ಷರತ್ತು ಮುರಿದು ಕಾರಣ ಹೇಳಿಬಿಟ್ಟೆ. ಅಧ್ಯಕ್ಷರು ಬ್ಯಾನರಿನ ಕಡೆ ನೋಡಿದರು. ಟ್ರಸ್ಟಿನ ಕಮಿಟಿಯ ಹಿರಿಯ ಮಹಿಳೆಯೊಬ್ಬರು ರೇಷ್ಮೆ ಸೆರಗು ಸರಿಮಾಡಿಕೊಂಡು, "ಶಿವಶಿವಾ, ಬಸುರಿ ಹೆಂಗಸು ಕುಡಿಯೋದಾ? ಎಂಥವಳಿರಬೇಕು ಅವಳು!" ಎಂದರು.

ಹಿಂದಿನ ಸಾಲಿನಿಂದ ಹುಡುಗಿಯ ತಾಯಿ ಎದ್ದು ನಿಂತರು. ಸುಬ್ರಹ್ಮಣ್ಯಪುರದ ಕಡೆಯವರು, ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿದ್ದ ಕುಟುಂಬ.

"ನಾನೇ ಕಣಮ್ಮ ಅವಳು," ಎಂದರು. "ಬಸುರಿಯಾಗಿದ್ದಾಗ ನಿದ್ದೆ ಬರ್ತಿರ್ಲಿಲ್ಲ, ಮೈಯೆಲ್ಲಾ ನೋವು. ನಮ್ಮತ್ತೆ ಬ್ರಾಂದಿ ಕೊಡೋರು, ಔಷಧಿ ಅಂತ. ಆಮೇಲೆ ನಮ್ಮ ಯಜಮಾನ್ರು ದಿನಾ ಜೊತೇಲಿ ಕೂರಿಸ್ಕೊಂಡ್ರು. ನಂಗೂ ಅಭ್ಯಾಸ ಆಗೋಯ್ತು. ಮಗೀಗೆ ಏಟಾಗತ್ತೆ ಅಂತ ಒಬ್ಬರೂ ಹೇಳ್ಲಿಲ್ಲ. ಇವಳು ಹಿಂಗೆ ಅಂತ ಗೊತ್ತಾದ್ಮೇಲೆ ಎಲ್ಲಾರೂ ನನ್ನೇ ಕೇಳ್ತಾರೆ. ಕೊಟ್ಟೋರನ್ನ ಯಾರೂ ಕೇಳಲ್ಲ."

ಅವರ ದನಿಯಲ್ಲಿ ಅಳು ಇರಲಿಲ್ಲ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ನುಣುಪಾಗಿದ್ದ ಮಾತುಗಳವು. ರೇಷ್ಮೆ ಸೀರೆಯವರು ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಉಸ್ತುವಾರಿ ಮೆಲ್ಲಗೆ, "ಸೇರಿಸೋವಾಗ್ಲೇ ಹೇಳಿದ್ರೆ ನಾನು ಅಷ್ಟೊಂದು ಬೈತಿರ್ಲಿಲ್ಲ ಅಕ್ಕಾ," ಎಂದರು.

"ಹೇಳಿದ್ರೆ ಸೇರಿಸ್ಕೋತಿದ್ರಾ?"

ಮಿದುಳಿನ ಚಿತ್ರಗಳ ನಡುವೆ ಇದಕ್ಕೊಂದು ಸ್ಲೈಡನ್ನು ನಾನು ಮಾಡಿಟ್ಟುಕೊಂಡಿರಲಿಲ್ಲ. ಕೊನೆಗೆ ಅಧ್ಯಕ್ಷರೇ ನಮ್ಮೆಲ್ಲರನ್ನೂ ಪಾರು ಮಾಡಿದರು. "ಪಾಸಿಟಿವ್ ಆಗಿರೋಣ. ಬಿಸಿಬೇಳೆಬಾತ್ ಆರೋಗತ್ತೆ, ಬನ್ನಿ," ಎಂದರು. ಜೀವನ ಮೌಲ್ಯಗಳು ಊಟಕ್ಕೆ ಎದ್ದವು. ತಾಯಿ ಅಲ್ಲೇ ಕೂತರು. ಉಸ್ತುವಾರಿ ಎರಡು ತಟ್ಟೆ ಹಿಡಿದು ಬಂದು, ಒಂದನ್ನು ಅವರ ಕೈಗಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ತಿಂದರು.

ಮುಂದಿನ ತರಬೇತಿಗೆ ನನ್ನನ್ನು ಕರೆಯಲಿಲ್ಲ. ಒತ್ತಡ ನಿವಾರಣೆ ಕಲಿಸುವ ಗುರುಗಳೊಬ್ಬರನ್ನು ಕರೆಸಿ, ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿಸಿ ಹ್ಹಹ್ಹಹ್ಹಾ ಎಂದು ನಗಿಸಿದರಂತೆ. ಅದರಿಂದ ಉಸ್ತುವಾರಿಯ ಭುಜ ಹಿಡಿದುಕೊಂಡಿತು. ಈ ವಿಷಯ ಹೇಳಲೆಂದೇ ಅವರು ಮೊದಲ ಸಲ ನನಗೆ ಫೋನ್ ಮಾಡಿದ್ದು.

ಆಮೇಲೆ ಆಗಾಗ ಫೋನ್ ಬರತೊಡಗಿತು. ಟಿವಿ ಶಿಕ್ಷೆ ನಿಂತಿತ್ತು. ಬಚ್ಚಲಿನ ಬಾಗಿಲಿಗೆ ಬಕೆಟ್, ಸೋಪು, ಟವೆಲಿನ ಚಿತ್ರಗಳನ್ನು ಅಂಟಿಸಿದ್ದರು. ಬಸ್ಸಿನ ಹುಚ್ಚಿದ್ದ ಆ ಹುಡುಗಿಯನ್ನು ಸಂಜೆ ತಾವೇ ಬಸ್ಸಿನಲ್ಲಿ ವಸಂತಪುರದವರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. "ಕಮಿಟಿಗೆ ಹೇಳಿಲ್ಲ ಮೇಡಂ, ಹೇಳಿದ್ರೆ ಅದಕ್ಕೂ ಉದ್ಘಾಟನೆ ಇಟ್ಕೋತಾರೆ."

ಮೊನ್ನೆ ಫೋನ್ ಮಾಡಿದಾಗ ಸಿಟ್ಟಿನಲ್ಲಿದ್ದರು.

"ಇವತ್ತು ಮತ್ತೆ ಸೋಪು ಹಚ್ಕೊಳ್ಳೋದು ಮರ್ತಳು. ಮತ್ತೆ ಹೇಳಿದೆ. ನಾಳೆನೂ ಹೇಳ್ಬೇಕಾ?"

"ನಾಳೆನೂ ಹೇಳಿ."

"ಎಲ್ಲೀ ತಂಕ?"

"ಕೊನೇವರೆಗೂ."

"ಥೂ, ಇದನ್ನ ಕಲಿಸೋಕೆ ಟ್ರೈನಿಂಗು ಬೇರೆ ನಿಮ್ದು," ಎಂದು ಬೈದರು. ಫೋನ್ ಇಡುವ ಮೊದಲೇ ಆಚೆ ಕಡೆ ತಿರುಗಿ ಒಂದೇ ಪದ ಕೂಗಿದ್ದು ನನಗೂ ಕೇಳಿಸಿತು: "ಸೋಪು!"